ನಿಂತು ಮಾಡುವ ಕಾಯಕ

(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ, ‘ಇಂದಿನ ಕಾಯಕಗಳು’ ಎಂಬ ವಿಷಯದಡಿ, ಹುಬ್ಬಳ್ಳಿಯ ಕಿರಾಣಿ ಸೂಪರ್ ಮಾರ್ಕೆಟ್ ಒಂದರಲ್ಲಿ ದುಡಿಯುವ ಶರಣೆಯೊಬ್ಬರು ಮಾಡಿದ ಭಾಷಣದ ಬರಹರೂಪ.)

 

ಈ ಗೋಷ್ಠಿಯಲ್ಲಿ ನನಗಿಂತ ಮೊದಲು ರೈತರು ಮಾತಾಡಿದ್ದಾರೆ, ಶಿಕ್ಷಕರು ಮಾತಾಡಿದ್ದಾರೆ, ಹೋದ ತಿಂಗಳು ಒಬ್ಬ ವೈದ್ಯರು ಮಾತಾಡಿದರು. ಎಲ್ಲರೂ ತಮ್ಮ ಕಾಯಕದಲ್ಲಿ ಕಂಡ ತೃಪ್ತಿಯ ಬಗ್ಗೆ ಹೇಳಿದರು. ನನ್ನನ್ನು ಕರೆಯಲು ಬಂದ ಅಣ್ಣನವರೂ “ನೀವೂ ನಿಮ್ಮ ಕೆಲಸದ ತೃಪ್ತಿ ಹೇಳ್ರಿ” ಅಂದರು. ನನ್ನ ಕೆಲಸದಲ್ಲಿ ತೃಪ್ತಿ ಇಲ್ಲವೆಂದಲ್ಲ. ಒಂದು ಸಾಲು ಬೇಳೆ ಪಾಕೀಟುಗಳನ್ನು ಹಳೆಯದು ಮುಂದೆ, ಹೊಸದು ಹಿಂದೆ ಬರುವಂತೆ ಜೋಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಆಗುವ ಸಮಾಧಾನ ನನಗೂ ಗೊತ್ತು. ಆದರೆ ಇವತ್ತು ನಾನು ಹೇಳಬೇಕೆಂದು ಬಂದದ್ದು ಬೇಸರದ ಬಗ್ಗೆ. ತೃಪ್ತಿಯನ್ನು ನಮ್ಮ ಬಾಯಿಂದ ಕೇಳುವವರು ಬಹಳ ಮಂದಿ ಇದ್ದಾರೆ. ಬೇಸರ ಕೇಳಲು ಯಾರೂ ಕರೆಯುವುದಿಲ್ಲ. ಪೂಜ್ಯರ ಅಪ್ಪಣೆ ಕೇಳಿದೆ, “ಇದ್ದದ್ದನ್ನು ಇದ್ದಹಾಗೆ ಹೇಳವ್ವಾ” ಅಂದರು.

ಗೋಷ್ಠಿ ನಡೆಯುವುದು ಸೋಮವಾರ ಸಂಜೆ. ನನ್ನ ವಾರದ ರಜೆ ಸೋಮವಾರ ಬಿದ್ದಿರುವುದರಿಂದ ನಾನು ಇಲ್ಲಿ ನಿಂತಿದ್ದೇನೆ. ಸ್ವಲ್ಪ ಸುತ್ತಲೂ ನೋಡಿರಿ. ಅಂಗಡಿಯ ಮಾಲೀಕರು ಮುಂದಿನ ಸಾಲಿನಲ್ಲಿ ಇದ್ದಾರೆ, ಎಪಿಎಂಸಿಯ ವರ್ತಕರು ಇದ್ದಾರೆ. ಅಂಗಡಿಯಲ್ಲಿ ಸಂಬಳಕ್ಕೆ ನಿಂತು ದುಡಿಯುವವರು ಎಷ್ಟು ಜನ ಇದ್ದಾರೆ? ಸಂಜೆ ಆರರಿಂದ ಒಂಬತ್ತು ನಮ್ಮ ಅಂಗಡಿಗಳು ತುಂಬಿ ತುಳುಕುವ ಹೊತ್ತು. ಇಲ್ಲಿ ಪ್ರವಚನ ಮುಗಿಸಿಕೊಂಡು, ಹಣೆಯ ಮೇಲೆ ವಿಭೂತಿ ಇನ್ನೂ ಒಣಗದೆ ಇರುವಾಗಲೇ, ನಿಮ್ಮಲ್ಲಿ ಹಲವರು ಹಾಲು ಮೊಸರು ತಗೊಳ್ಳಲು ನಮ್ಮ ಕೌಂಟರಿಗೆ ಬರುತ್ತೀರಿ. ನಿಮ್ಮ ಮುಖಗಳು ನನಗೆ ಗೊತ್ತು. ನನ್ನದು ನಿಮಗೆ ಗೊತ್ತಾಗಲಿಕ್ಕಿಲ್ಲ, ಯಾಕಂದರೆ ಅಲ್ಲಿ ನಾನು ಕೆಂಪು ಟೀಶರ್ಟಿನಲ್ಲಿ ಇರುತ್ತೇನೆ, ಇವತ್ತು ಇಳಕಲ್ ಸೀರೆ ಉಟ್ಟಿದ್ದೇನೆ.

ಒಂದು ಶಿಫ್ಟು ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಎರಡನೆಯ ಶಿಫ್ಟಿನವರು ಮಧ್ಯಾಹ್ನ ಒಂದಕ್ಕೆ ಬರಬೇಕು. ಬೆರಳಚ್ಚು ಒತ್ತಬೇಕು. ಒಂದು ಗಂಟೆ ಐದು ನಿಮಿಷವಾದರೆ ಅದೂ ದಾಖಲೆ. ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ. ರಾತ್ರಿ ಹತ್ತಕ್ಕೆ ಶಿಫ್ಟು ಮುಗಿಯುತ್ತದೆ ಎಂದು ಹಾಜರಿ ಹೇಳುತ್ತದೆ. ಆದರೆ ಒಂಬತ್ತು ಐವತ್ತೈದಕ್ಕೆ ಒಂದು ಕುಟುಂಬ ಒಳಗೆ ಬಂದು “ಎರಡೇ ಐಟಂ” ಅನ್ನುತ್ತದೆ. ಎರಡು ಐಟಂ ತಿಂಗಳ ಸಂತೆಯಾಗುತ್ತದೆ. ಅವರು ಹೋದ ಮೇಲೆ ನೋಟು ಎಣಿಸಬೇಕು, ಕಾರ್ಡಿನ ಮಷಿನ್ನಿನ ಲೆಕ್ಕ ಹೊಂದಿಸಬೇಕು, ಯುಪಿಐನಲ್ಲಿ ಬಂದದ್ದು ತಾಳೆ ನೋಡಬೇಕು, ಖಾಲಿಯಾದ ಸಾಲುಗಳಿಗೆ ಮಾಲು ತುಂಬಬೇಕು. ಬೆರಳಚ್ಚು ಒತ್ತಿ ಹೊರಗೆ ಬರುವಾಗ ಎಷ್ಟೋ ದಿನ ಹನ್ನೊಂದಾಗಿರುತ್ತದೆ. ಹತ್ತರ ನಂತರದ ಹೊತ್ತು ಯಾವ ಲೆಕ್ಕದಲ್ಲೂ ಇಲ್ಲ. ತಡವಾದ ಐದು ನಿಮಿಷಕ್ಕೆ ಇರುವ ಕಾಲಂ ಹೆಚ್ಚಾಗಿ ದುಡಿದ ಐವತ್ತು ನಿಮಿಷಕ್ಕೆ ಇಲ್ಲ.

ನಾನು ಬಿ.ಕಾಂ. ಓದಿದವಳು, ಅದಕ್ಕೆ ಕಾನೂನಿನ ಪುಸ್ತಕವನ್ನು ಕೂಡ ತೆಗೆದು ನೋಡಿದೆ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಆಗಿದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, 5 ಗಂಟೆ ದುಡಿಸಿದ ಮೇಲೆ ಕನಿಷ್ಠ 1 ಗಂಟೆ ವಿರಾಮ, ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಕೂಲಿ, ವಾರಕ್ಕೊಂದು ಪೂರ್ತಿ ದಿನ ರಜೆ ಎಂದು ಬರೆದಿಟ್ಟವರು ನಮ್ಮ ಅಜ್ಜಂದಿರ ಕಾಲದವರು. ನಾನು ಕೆಲಸ ಮಾಡಿದ ಮೂರು ಅಂಗಡಿಗಳಲ್ಲಿ ವಿರಾಮ ಅಂದರೆ ಅರ್ಧ ಗಂಟೆ, ಅದೂ ಕೌಂಟರಿನಲ್ಲಿ ಸಾಲು ಕರಗಿದಾಗ. ಪಂಚಮಿಯ ವಾರದಲ್ಲಿ ಸಾಲು ಕರಗುವುದೇ ಇಲ್ಲ. ರವೆ, ಬೆಲ್ಲ, ಪುಟಾಣಿ, ಕೊಬ್ಬರಿ, ಎಳ್ಳು, ಶೇಂಗಾ. ಇಡೀ ಊರು ಉಂಡಿ ಕಟ್ಟುವ ವಾರ ಅದು. ಊರಿನ ಹಬ್ಬಕ್ಕೆ ಉಂಡಿಯ ಸಾಮಾನು ಕೊಟ್ಟು ಕಳಿಸಿ, ನಾವು ತಂದ ಬುತ್ತಿಯನ್ನು ಸಂಜೆ ಐದಕ್ಕೆ ಗೋದಾಮಿನಲ್ಲಿ ಎಣ್ಣೆ ಡಬ್ಬಿಗಳ ನಡುವೆ ನಿಂತು ತಿನ್ನುತ್ತೇವೆ.

ನಿಂತು ತಿನ್ನುತ್ತೇವೆ ಎಂದೆ. ಇವತ್ತಿನ ನನ್ನ ಮುಖ್ಯ ಮಾತು ಇರುವುದು ಅಲ್ಲೇ.

ಬಿಲ್ಲಿಂಗ್ ಕೌಂಟರಿನ ಹಿಂದೆ ಕುರ್ಚಿ ಇರುವುದಿಲ್ಲ. ನೀವು ನೂರು ಸಲ ಬಂದಿದ್ದೀರಿ, ಗಮನಿಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಬಾರ್‌ಕೋಡ್ ಓದಿಸುವ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಕಾಲಿನ ಅಗತ್ಯ ಏನಿದೆ? ಬ್ಯಾಂಕಿನ ಕ್ಯಾಷಿಯರ್ ಕೂತು ದುಡ್ಡು ಎಣಿಸುತ್ತಾರೆ, ರೈಲ್ವೆ ಟಿಕೀಟು ಕೊಡುವವರು ಕೂತು ಕೊಡುತ್ತಾರೆ. ನಾವೂ ದುಡ್ಡು ಎಣಿಸುವವರೇ. ಜರ್ಮನಿಯಲ್ಲಿ ಕಿರಾಣಿ ಅಂಗಡಿಯ ಕ್ಯಾಷಿಯರುಗಳು ಕೂತೇ ಬಿಲ್ಲು ಮಾಡುತ್ತಾರೆ, ಅಲ್ಲಿ ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಇಲ್ಲಿ ಕುರ್ಚಿ ಯಾಕಿಲ್ಲ ಎಂದು ನಾನು ಒಬ್ಬ ಮೇಲ್ವಿಚಾರಕರನ್ನು ಕೇಳಿದ್ದೆ. “ಕೂತರೆ ಗಿರಾಕಿಗಳಿಗೆ ಮರ್ಯಾದೆ ಕೊಟ್ಟಂಗ ಆಗೂದಿಲ್ಲ” ಅಂದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹೇಳಿಕೊಟ್ಟದ್ದು ಅದು. ಆದರೆ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನಿಮಗೆ ಮರ್ಯಾದೆ ಸಿಗಬೇಕಾದರೆ ನಾನು ನಿಂತಿರಬೇಕು. ನನ್ನ ಕಾಲಿನ ನೋವು ನಿಮ್ಮ ಗೌರವದ ಒಂದು ಭಾಗ. ಇದನ್ನು ನಿಮ್ಮಲ್ಲಿ ಯಾರಾದರೂ ಬಯಸಿದ್ದೀರಾ? ಬಯಸಿಲ್ಲ ಎಂದು ನನಗೆ ಗೊತ್ತು. ನೀವು ಬಯಸದ ಒಂದು ಮರ್ಯಾದೆಯನ್ನು ನಿಮ್ಮ ಹೆಸರಿನಲ್ಲಿ ನಮ್ಮಿಂದ ವಸೂಲು ಮಾಡಲಾಗುತ್ತಿದೆ.

ಹಳೆಯ ಕಿರಾಣಿ ಅಂಗಡಿ ನೆನಪಿಸಿಕೊಳ್ಳಿರಿ. ಸಾಹುಕಾರರು ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿರುತ್ತಿದ್ದರು, ಆಳುಮಕ್ಕಳು ನಿಂತು ತೂಗಿ ಕಟ್ಟಿ ಕೊಡುತ್ತಿದ್ದರು. ಈಗ ಗಾದಿ ಹೋಗಿದೆ, ಗಾಜಿನ ಬಾಗಿಲು, ಎ.ಸಿ., ಕಂಪ್ಯೂಟರ್ ಬಂದಿವೆ. ಕೂರುವವರು ಯಾರು, ನಿಲ್ಲುವವರು ಯಾರು ಎಂಬ ಲೆಕ್ಕ ಮಾತ್ರ ಬದಲಾಗಿಲ್ಲ. ನಮ್ಮ ಸಮಾಜದಲ್ಲಿ ಆಸನ ಅನ್ನುವುದು ಬರೀ ಮರದ ತುಂಡಲ್ಲ. ಯಾರ ಎದುರು ಯಾರು ಕೂರಬಹುದು ಎಂಬುದರಲ್ಲೇ ಮೇಲು ಕೀಳು ಅಡಗಿತ್ತು. ಅಂಥ ಕಾಲದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಹಡಪದ ಅಪ್ಪಣ್ಣನವರು ಒಂದೇ ನೆಲದ ಮೇಲೆ ಸಮನಾಗಿ ಕೂತು ಮಾತಾಡಿದ ಜಾಗವನ್ನೇ ನಾವು ಅನುಭವ ಮಂಟಪ ಎಂದು ಕರೆಯುತ್ತೇವೆ. ಅದನ್ನು ಇಲ್ಲಿ ಪ್ರತಿ ತಿಂಗಳೂ ನೆನೆಯುತ್ತೇವೆ. ನೆನೆಯುವುದು ಸುಲಭ, ಏಕೆಂದರೆ ನಾವೆಲ್ಲ ಈಗ ಕುರ್ಚಿಯ ಮೇಲೆ ಕೂತಿದ್ದೇವೆ.

ನಿಲ್ಲುವುದರಿಂದ ಏನಾಗುತ್ತದೆ ಎಂದು ವೈದ್ಯರು ನನಗಿಂತ ಚೆನ್ನಾಗಿ ಹೇಳಿಯಾರು. ನನಗೆ ಗೊತ್ತಿರುವುದಿಷ್ಟು. ಮೊದಲ ಎರಡು ಗಂಟೆ ಏನೂ ಅನಿಸುವುದಿಲ್ಲ. ನಾಲ್ಕನೆಯ ಗಂಟೆಗೆ ಹಿಮ್ಮಡಿ ಸುಡತೊಡಗುತ್ತದೆ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಾ ಇರುತ್ತೇವೆ. ಏಳನೆಯ ಗಂಟೆಗೆ ಸೊಂಟ. ಮನೆಗೆ ಹೋದ ಮೇಲೆ ಬೂಟು ಬಿಚ್ಚಿದರೆ ಪಾದ ಊದಿ ಕಾಲುಚೀಲದ ಗೆರೆ ಮೂಡಿರುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿ ಸುರುಳಿ ಸುತ್ತಿಕೊಂಡವು. ವೈದ್ಯರು “ಬಹಳ ಹೊತ್ತು ನಿಲ್ಲಬ್ಯಾಡ” ಎಂದು ಚೀಟಿ ಬರೆದು ಕೊಟ್ಟರು. ಆ ಚೀಟಿ ತೋರಿಸಿದ್ದಕ್ಕೆ ಆಕೆಗೆ ಸಿಕ್ಕಿದ್ದು ಕುರ್ಚಿಯಲ್ಲ, “ಹಂಗಿದ್ದರ ಮನಿಯಾಗ ಆರಾಮ ತಗೋ” ಎಂಬ ಮಾತು. ಆಕೆ ಬಿಟ್ಟಳು. ಆಕೆಯ ಜಾಗಕ್ಕೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು, ಆಕೆಯ ಕಾಲು ಇನ್ನೂ ಗಟ್ಟಿ ಇವೆ.

ಸಾಲು ಇಲ್ಲದ ಹೊತ್ತಿನಲ್ಲಿ ಹಾಲಿನ ಕ್ರೇಟು ಬೋರಲು ಹಾಕಿ ಎರಡು ನಿಮಿಷ ಕೂತರೆ ಏನಾಗುತ್ತದೆ? ಮೇಲೆ ಕ್ಯಾಮೆರಾ ಇದೆ. ಎಲ್ಲೋ ಕೂತು ನೋಡುವವರು ಫೋನು ಮಾಡುತ್ತಾರೆ. ನೋಡುವ ಕೆಲಸಕ್ಕೆ ಕುರ್ಚಿ ಇದೆ ನೋಡಿರಿ.

ತಾಯಂದಿರಿಗೆ ಇನ್ನೊಂದು ಮಾತು ಹೇಳಬೇಕು, ಅಣ್ಣಂದಿರು ಕ್ಷಮಿಸಬೇಕು. ಕೌಂಟರ್ ಬಿಟ್ಟು ಶೌಚಕ್ಕೆ ಹೋಗಬೇಕಾದರೆ ಬದಲಿ ಒಬ್ಬರು ಬರಬೇಕು, ಡ್ರಾಯರಿಗೆ ಬೀಗ ಹಾಕಬೇಕು, ಬಾಗಿಲಿನ ಕೀಲಿ ಕೇಳಿ ತರಬೇಕು. ಇದಕ್ಕೆ ಅಂಜಿ ನಮ್ಮ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ. ನೂರಾರು ನೀರಿನ ಬಾಟಲಿಗಳನ್ನು ಸ್ಕ್ಯಾನ್ ಮಾಡುತ್ತಾ ಗಂಟಲು ಒಣಗಿಸಿಕೊಂಡು ನಿಂತಿರುತ್ತಾರೆ. ಉರಿಮೂತ್ರದ ತ್ರಾಸು ಇಲ್ಲದವರು ನಮ್ಮಲ್ಲಿ ಕಡಿಮೆ.

ಇನ್ನು ದುಡ್ಡಿನ ಲೆಕ್ಕ. ರಾತ್ರಿ ಡ್ರಾಯರಿನಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ. ನೂರು ಹೆಚ್ಚು ಬಂದರೆ ಅದು ಅಂಗಡಿಗೆ ಜಮೆ. ನಮ್ಮ ಕೈತಪ್ಪಿನಿಂದ ಹೋದ ದುಡ್ಡಾದರೆ ಹಿಡಿಯಲಿ. ಆದರೆ ಆ ಡ್ರಾಯರನ್ನು ನನ್ನ ಊಟದ ಹೊತ್ತಿನಲ್ಲಿ ಇನ್ನಿಬ್ಬರು ಮುಟ್ಟಿರುತ್ತಾರೆ. ವೇತನ ಪಾವತಿ ಕಾಯ್ದೆ 1936ರಲ್ಲೇ ಒಂದು ಒಳ್ಳೆಯ ಮಾತು ಹೇಳಿತ್ತು: ನಷ್ಟಕ್ಕೆ ಸಂಬಳ ಹಿಡಿಯುವ ಮೊದಲು ಆ ನೌಕರನ ಮಾತನ್ನು ಕೇಳಬೇಕು ಎಂದು. ಬ್ರಿಟಿಷರ ಕಾಲದವರಿಗೆ ತೋಚಿದ್ದು ನಮ್ಮ ಅಂಗಡಿಗಳಿಗೆ ಇನ್ನೂ ತೋಚಿಲ್ಲ. ಹೊರಗೆ ಹೋಗುವಾಗ ಬಾಗಿಲಿನಲ್ಲಿ ಬುತ್ತಿಯ ಡಬ್ಬಿ ತೆರೆದು ತೋರಿಸಬೇಕು. ಎಂಜಲು ಡಬ್ಬಿ. ದಿನಾ ತೋರಿಸಿ ತೋರಿಸಿ ಅಭ್ಯಾಸವಾಗಿದೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಆದರೂ ಹೊಸದಾಗಿ ಬಂದ ಹುಡುಗಿ ಮೊದಲ ದಿನ ಡಬ್ಬಿ ತೆರೆಯುವಾಗ ಆಕೆಯ ಮುಖ ನೋಡಲು ನನಗೆ ಆಗುವುದಿಲ್ಲ, ಬೇರೆ ಕಡೆ ನೋಡುತ್ತೇನೆ.

ಈಗ ಗಿರಾಕಿಗಳ ವಿಷಯಕ್ಕೆ ಬರುತ್ತೇನೆ. ನೀವು ನಗಬಹುದು, ನಗಿರಿ. ಬುಟ್ಟಿಯನ್ನು ಸಾಲಿನಲ್ಲಿ ಇಟ್ಟು “ಇದು ನನ್ನ ಪಾಳಿ” ಎಂದು ಮತ್ತೆ ಒಳಗೆ ಹೋಗುವವರು ಇದ್ದಾರೆ. ಬಿಲ್ಲು ಪೂರ್ತಿಯಾದ ಮೇಲೆ “ಒಂದು ಸಾಸಿವಿ ಪಾಕೀಟ ಬಿಟ್ಟೀನಿ, ತಡೀರಿ” ಅನ್ನುವವರು ಇದ್ದಾರೆ. ಐಸ್‌ಕ್ರೀಮು ಬೇಡವೆನಿಸಿದರೆ ಅದನ್ನು ಬಿಸ್ಕೀಟಿನ ಸಾಲಿನಲ್ಲಿ ಇಟ್ಟು ಹೋಗುವವರು, ಬದನೆಕಾಯಿ ತೂಗಿಸದೆ ನೇರ ಕೌಂಟರಿಗೆ ತರುವವರು, ಮೊಸರಿನ ಹೊಸ ತಾರೀಕು ಬೇಕೆಂದು ಇಡೀ ಫ್ರಿಜ್ಜನ್ನು ಒಳಹೊರಗೆ ಮಾಡುವವರು. ಇವೆಲ್ಲ ಸಣ್ಣವು, ಮನುಷ್ಯ ಸಹಜ. ನಾನೂ ಬೇರೆ ಅಂಗಡಿಗೆ ಹೋದರೆ ಹಿಂದಿನ ಸಾಲಿನ ಮೊಸರನ್ನೇ ತೆಗೆಯುತ್ತೇನೆ.

ಮನಸ್ಸಿಗೆ ಹತ್ತುವುದು ಬೇರೆ. ಎಲ್ಲೋ ಯಾರೋ ಮಾಡಿದ ತೀರ್ಮಾನಕ್ಕೆ ಬೈಗುಳ ತಿನ್ನುವವರು ನಾವು. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಒಳ್ಳೆಯ ಕೆಲಸವೇ. ಆದರೆ ಅಂದಿನಿಂದ ಬಟ್ಟೆಯ ಚೀಲಕ್ಕೆ ದುಡ್ಡು ಕೇಳಿದಾಗಲೆಲ್ಲ “ಸಾವಿರ ರೂಪಾಯಿ ಸಂತಿ ಮಾಡೀನಿ, ಒಂದು ಚೀಲ ಕೊಡಾಕ ಆಗೂದಿಲ್ಲೇನ” ಎಂಬ ಮಾತು ಬಂದು ಬೀಳುವುದು ಕೌಂಟರಿನ ಹುಡುಗಿಯ ಮೇಲೆ. ಚೀಲದ ಬೆಲೆ ಇಟ್ಟವಳು ಆಕೆಯೇ ಅನ್ನುವ ಹಾಗೆ.

2022ರ ಜುಲೈ 18 ನನಗೆ ಮರೆಯುವುದಿಲ್ಲ. ಅವತ್ತಿನಿಂದ ಪಾಕೀಟು ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಮೊಸರು, ಮಜ್ಜಿಗೆಗಳಿಗೆಲ್ಲ ಶೇ. 5 ಜಿಎಸ್‌ಟಿ ಬಂತು. 25 ಕೆ.ಜಿ.ವರೆಗಿನ ಚೀಲಕ್ಕೆ ತೆರಿಗೆ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಸ್ವಲ್ಪ ದಿನದಲ್ಲೇ ಮಾರುಕಟ್ಟೆಗೆ 26 ಕೆ.ಜಿ.ಯ ಅಕ್ಕಿ ಚೀಲ ಬಂದವು! ವರ್ತಕ ಅಣ್ಣಂದಿರು ನಗುತ್ತಿದ್ದಾರೆ, ಅವರಿಗೆ ಗೊತ್ತು. ಆದರೆ ಅವತ್ತು ಮೊಸರಿನ ಪಾಕೀಟು ಹಿಡಿದು ಬಂದವರು ಜಗಳ ಮಾಡಿದ್ದು ದಿಲ್ಲಿಯ ಜೊತೆಯಲ್ಲ, ನನ್ನ ಜೊತೆ. “ಮೊಸರಿಗೂ ತೆರಿಗಿ ಹಾಕ್ತೀರಲ್ಲ, ಮುಂದ ಗಾಳಿಗೂ ಹಾಕ್ರಿ” ಎಂದರು ಒಬ್ಬ ಹಿರಿಯರು. ಮತ್ತೆ 2025ರ ಸೆಪ್ಟೆಂಬರ್ 22ರಂದು ತೆರಿಗೆ ಇಳಿಯಿತು. ಸೋಪು, ಟೂತ್‌ಪೇಸ್ಟು, ಶಾಂಪೂ ಶೇ. 18ರಿಂದ 5ಕ್ಕೆ, ತುಪ್ಪ 12ರಿಂದ 5ಕ್ಕೆ. ಪಾಕೀಟಿನ ಮೇಲೆ ಹಳೆಯ ಎಂಆರ್‌ಪಿ, ಟಿವಿಯಲ್ಲಿ ಹೊಸ ಬೆಲೆ, ಕಂಪ್ಯೂಟರಿನಲ್ಲಿ ಇನ್ನೂ ಏರಿಸದ ಮೂರನೆಯದೊಂದು. ತೆರಿಗೆ ಏರಿದಾಗ ಬೈಸಿಕೊಂಡವರು ನಾವೇ, ಇಳಿದಾಗಲೂ ನಾವೇ. ಬೆಲೆ ಇಳಿದ ಸಂತೋಷಕ್ಕೆ ಒಬ್ಬರೂ ಕೌಂಟರಿನಲ್ಲಿ ಸಕ್ಕರೆ ಕೊಡಲಿಲ್ಲ.

ಮೊಬೈಲ್ ನಂಬರ್ ಕೇಳುವುದೂ ಅಷ್ಟೇ. ನಂಬರ್ ಕೊಡದಿದ್ದರೆ ಬಿಲ್ಲು ಇಲ್ಲ ಅನ್ನಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಕೊಡಬೇಡಿರಿ, ಅದು ನಿಮ್ಮ ಹಕ್ಕು. ಆದರೆ ನಮ್ಮಲ್ಲಿ ದಿನಕ್ಕೆ ಎಷ್ಟು ನಂಬರ್ ಹಿಡಿದಿರಿ ಎಂದು ಸಂಜೆ ಲೆಕ್ಕ ಕೇಳುತ್ತಾರೆ. “ನಂಬರ್ ಹೇಳ್ರಿ ಸರ್” ಅನ್ನುವ ಹುಡುಗಿಯ ಬೆನ್ನ ಹಿಂದೆ ಒಬ್ಬರು ನಿಂತಿದ್ದಾರೆ ಎಂದು ತಿಳಿದು “ಬ್ಯಾಡವಾ” ಎಂದರೆ ಸಾಕು. ಅದಕ್ಕೂ ಗದರಬೇಕೇ?

ಇನ್ನೊಂದನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಇಲ್ಲಿ ಎದುರು ಸಿಕ್ಕರೆ ವಯಸ್ಸಿನಲ್ಲಿ ಚಿಕ್ಕವರಿಗೂ ಕೈಮುಗಿದು “ಶರಣು” ಅನ್ನುವ ಸಂಪ್ರದಾಯ ನಮ್ಮದು. ಕೌಂಟರಿನ ಮುಂದೆ ಬಂದಾಗ ಅದೇ ಕೈ ನೋಟನ್ನು ಕೊಡುವುದಿಲ್ಲ, ಎಸೆಯುತ್ತದೆ. ಕಿವಿಗೆ ಫೋನು ಹಚ್ಚಿಕೊಂಡು, ಮುಖ ನೋಡದೆ, ಬೆರಳಿನಿಂದಲೇ “ಎಷ್ಟಾತು?” ಎಂದು ಕೇಳುತ್ತದೆ. ನಾನು ಎಲ್ಲರ ಬಗ್ಗೆ ಹೇಳುತ್ತಿಲ್ಲ. ಚಿಲ್ಲರೆಯನ್ನು ಮೊದಲೇ ಎಣಿಸಿಟ್ಟುಕೊಂಡು ಬರುವ ಒಬ್ಬ ನಿವೃತ್ತ ಮಾಸ್ತರರು ಇದ್ದಾರೆ, ಊಟ ಆಯಿತೇ ಎಂದು ಕೇಳದೆ ಹೋದ ದಿನವಿಲ್ಲ. ಅವರು ಬರದಿದ್ದರೆ ನಾವೆಲ್ಲ “ಆರಾಮ ಅದಾರೋ ಇಲ್ಲೋ” ಎಂದು ಮಾತಾಡಿಕೊಳ್ಳುತ್ತೇವೆ. ಆದರೆ ನನ್ನ ತಂಗಿಗೆ ಗಂಡು ನೋಡಲು ಬಂದವರು, ಅಕ್ಕ ಏನು ಮಾಡುತ್ತಾಳೆ ಎಂದು ಕೇಳಿ, “ಅಂಗಡ್ಯಾಗ ನಿಂದ್ರತಾಳೇನು?” ಎಂದರು. ಕೆಲಸ ಮಾಡುತ್ತಾಳೆ ಅನ್ನಲಿಲ್ಲ, ನಿಂದ್ರತಾಳ ಅಂದರು. ಅವರೂ ಕಾಯಕದ ಬಗ್ಗೆ ಮನೆಯ ಗೋಡೆಗೆ ಚಿತ್ರಪಟ ಹಾಕಿಕೊಂಡವರೇ.

ಆ ಚಿತ್ರಪಟ ನಮ್ಮ ಅಂಗಡಿಯ ಗೋದಾಮಿನಲ್ಲೂ ಇದೆ. ಕಾಯಕದ ಮಹಿಮೆ ಸಾರುವ ಒಂದು ಸಾಲು, ಕೆಳಗೆ ಬಸವಣ್ಣನವರ ಚಿತ್ರ. ಹೆಚ್ಚುವರಿ ಹೊತ್ತಿನ ಕೂಲಿ ಕೇಳಿದ ಹುಡುಗನೊಬ್ಬನಿಗೆ ಆ ಪಟ ತೋರಿಸಿ, “ಓದು, ಏನ ಬರದದ ನೋಡು” ಎಂದರು. ಹುಡುಗ ಓದಿ ಸುಮ್ಮನಾದ. ನನಗೆ ಅವತ್ತು ಬಹಳ ಸಂಕಟವಾಯಿತು. ಶರಣರ ಮಾತನ್ನು ಬಾಯಿ ಮುಚ್ಚಿಸುವ ಬೀಗ ಮಾಡಿದರಲ್ಲ ಎಂದು.

ಕಿರಾಣಿ ಅಂಗಡಿಯಲ್ಲಿ ದುಡಿಯುವವಳಾದ್ದರಿಂದ ನನಗೆ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳು ಹತ್ತಿರದವರು. ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ, ತಿರುಗಿ ಅಲ್ಲೇ ಸುರಿದು ಬರಲು ಕಳಿಸಿದರು. ಈ ಕಥೆಯನ್ನು ಸಾಮಾನ್ಯವಾಗಿ ಬಡವರಿಗೆ ಹೇಳುತ್ತಾರೆ: ಇದ್ದುದರಲ್ಲಿ ತೃಪ್ತಿ ಇರಲಿ, ಹೆಚ್ಚು ಕೇಳಬೇಡಿರಿ ಎಂದು. ನನಗೆ ಹಾಗೆ ಕೇಳಿಸುವುದಿಲ್ಲ. ಲಕ್ಕಮ್ಮನವರು ಪ್ರಶ್ನೆ ಕೇಳಿದ್ದು ಕಡಿಮೆ ತಂದವರಿಗಲ್ಲ, ಹೆಚ್ಚು ತಂದವರಿಗೆ. ಇದು ಎಲ್ಲಿಂದ ಬಂತು, ಯಾರ ಪಾಲಿನದು ಎಂದು ಕೇಳಿದರು. ಹತ್ತು ಗಂಟೆಯ ನಂತರ ಲೆಕ್ಕಕ್ಕೆ ಬಾರದೆ ಹೋದ ಐವತ್ತು ನಿಮಿಷ ಯಾರದೋ ಲಾಭದಲ್ಲಿ ಸೇರಿರುತ್ತದೆಯಲ್ಲವೇ? ಆ ಅಕ್ಕಿಯನ್ನು ತಿರುಗಿ ಸುರಿಯಬೇಕಾದವರು ಯಾರು ಎಂದು ಆ ತಾಯಿ ಕೇಳಿಯಾಳು.

ನಮ್ಮಲ್ಲೂ ದಿನಾ ಅಕ್ಕಿ ಉದುರುತ್ತದೆ. ಚೀಲ ಹರಿದು, ಪಾಕೀಟು ಒಡೆದು. ರಾತ್ರಿ ಅದನ್ನು ಗುಡಿಸಿ ‘ಡ್ಯಾಮೇಜ್’ ಎಂದು ಬರೆದು ಕಸಕ್ಕೆ ಹಾಕುತ್ತೇವೆ. ಒಂದು ಹಿಡಿ ಡಬ್ಬಿಯಲ್ಲಿ ಹಾಕಿಕೊಂಡರೆ ಕಳ್ಳತನ. ಈ ಕಾಲದಲ್ಲಿ ಮಾರಯ್ಯನವರ ಕಾಯಕ ಮಾಡಿದರೆ ಬಾಗಿಲಿನಲ್ಲಿ ಹಿಡಿಯುತ್ತಾರೆ.

ಹಾಗಾದರೆ ಏನು ಮಾಡಬೇಕು ಅಂತೀರಿ. ಎಲ್ಲವನ್ನೂ ಒಂದೇ ಸಲ ಕೇಳಲು ನಾನು ಬಂದಿಲ್ಲ. ಕುರ್ಚಿ ಒಂದರಿಂದ ಶುರು ಮಾಡೋಣ.

ಇದು ನನ್ನ ತಲೆಗೆ ಬಂದ ಹೊಸ ವಿಚಾರವೇನಲ್ಲ. ಇಂಗ್ಲೆಂಡಿನಲ್ಲಿ 1899ರಲ್ಲೇ, ಅಂಗಡಿಯಲ್ಲಿ ದುಡಿಯುವ ಪ್ರತಿ ಮೂವರು ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಆಸನ ಇಡಬೇಕೆಂದು ಕಾನೂನು ಮಾಡಿದ್ದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯಲ್ಲೂ, ನಿಂತು ಕೆಲಸ ಮಾಡಬೇಕಾದವರಿಗೆ ನಡುನಡುವೆ ಕೂರಲು ವ್ಯವಸ್ಥೆ ಇರಬೇಕೆಂದು ಬರೆದಿದ್ದರು. ಅಂಗಡಿಯವರ ಪಾಲಿಗೆ ಅದು ಬರಲು ಬಹಳ ತಡವಾಯಿತು. ಕೇರಳದ ಕೋಯಿಕ್ಕೋಡಿನಲ್ಲಿ ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು, ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಂಗಸರನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ‘ಕೂರುವ ಹಕ್ಕು’ ಎಂಬ ಮಾತು ಕೇಳಿದಾಗ ಮೊದಲ ಸಲ ನನಗೆ ನಗು ಬಂತು, ಕೂರಲಿಕ್ಕೂ ಹಕ್ಕು ಬೇಕೇ ಎಂದು. ಆಮೇಲೆ ನನ್ನ ಕಾಲು ನೋಡಿಕೊಂಡೆ.

ಮುಂದಿನ ಸಾಲಿನಲ್ಲಿ ಕೂತಿರುವ ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಸರ್ಕಾರ ಹೇಳಿದ ಮೇಲೆ ಇಡುವ ಕುರ್ಚಿ ಬೇರೆ, ಈ ಮಠದಲ್ಲಿ ಕೇಳಿ ಎದ್ದು ಹೋಗಿ ಇಡುವ ಕುರ್ಚಿ ಬೇರೆ. ಲಾಭ ಕಡಿಮೆಯಾದೀತೆಂದು ಅಂಜಬೇಡಿರಿ. ಧಾರವಾಡದಲ್ಲಿ ನನಗೆ ಪರಿಚಯದ ಒಬ್ಬ ಮಾಲೀಕರು ತಮ್ಮ ಎರಡು ಕೌಂಟರಿಗೆ ಎತ್ತರದ ಸ್ಟೂಲ್ ಹಾಕಿಸಿದ್ದಾರೆ. ಮೊದಲ ವಾರ ಒಬ್ಬಿಬ್ಬರು ಗಿರಾಕಿಗಳು “ಕೂತು ಬಿಲ್ ಮಾಡ್ತಾರಲ್ಲ” ಎಂದರಂತೆ. ಆ ಮಾಲೀಕರು, “ಹೌದ್ರಿ, ನಾನೂ ಕೂತೇ ಲೆಕ್ಕ ಬರೀತೀನಿ” ಎಂದರಂತೆ. ಅಲ್ಲಿಗೆ ಮುಗಿಯಿತು. ಈಗ ಅಲ್ಲಿನ ಹುಡುಗಿಯರು ಸಾಲು ಇದ್ದಾಗ ತಾವೇ ಎದ್ದು ನಿಲ್ಲುತ್ತಾರೆ, ಭಾರದ ಚೀಲ ಬಂದರೆ ಎದ್ದು ಎತ್ತುತ್ತಾರೆ, ಉಳಿದ ಹೊತ್ತು ಕೂರುತ್ತಾರೆ. ಯಾವಾಗ ನಿಲ್ಲಬೇಕು ಎಂಬುದು ದುಡಿಯುವವರಿಗೇ ಗೊತ್ತಿರುತ್ತದೆ.

ಗಿರಾಕಿಗಳಾದ ನಿಮಗೂ ಒಂದು ಕೆಲಸ ಇದೆ. ನಾವು ಕೇಳಿದರೆ ಅದು ದೂರು, ನೀವು ಕೇಳಿದರೆ ಅದು ಸಲಹೆ. ಮುಂದಿನ ಸಲ ಸಂತೆಗೆ ಹೋದಾಗ ಬಿಲ್ಲು ಕೊಟ್ಟವರನ್ನಲ್ಲ, ಅಂಗಡಿಯ ಮ್ಯಾನೇಜರನ್ನು ಕರೆದು ಕೇಳಿರಿ: “ಈ ಹುಡುಗಿಗೆ ಕೂಡಾಕ ಯಾಕ ಜಾಗಾ ಇಲ್ಲ?” ಎಂದು. ಹುಡುಗಿಯ ಹೆಸರು ಹೇಳಬೇಡಿರಿ, ಆಕೆಯೇ ಹೇಳಿಕೊಟ್ಟಳು ಅಂದುಕೊಂಡಾರು. ಹತ್ತು ಜನ ಕೇಳಿದರೆ ಮೇಲಿನವರಿಗೆ ತಲುಪುತ್ತದೆ. ಮತ್ತೆ ಆ ಒಂಬತ್ತು ಐವತ್ತೈದರ ಸಂತೆ, ಅದನ್ನು ದಯವಿಟ್ಟು ಎಂಟಕ್ಕೆ ತನ್ನಿರಿ. ಕೊನೆಯ ಬಸ್ಸು ತಪ್ಪಿದರೆ ಹಳ್ಳಿಗಳಿಂದ ಬರುವ ಹುಡುಗಿಯರು ಆಟೋಕ್ಕೆ ಕೊಡುವ ದುಡ್ಡು ಅವರ ಅರ್ಧ ದಿನದ ಗಳಿಕೆ.

ಪೂಜ್ಯರಲ್ಲೂ ಒಂದು ಬಿನ್ನಹ. ಈ ಗೋಷ್ಠಿಯನ್ನು ವರ್ಷಕ್ಕೆ ಎರಡು ಸಲವಾದರೂ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಇಟ್ಟರೆ, ಎರಡನೆಯ ಶಿಫ್ಟಿನವರು ಬರಲು ಆಗುತ್ತದೆ. ಔಷಧದಂಗಡಿಯವರು, ಬಟ್ಟೆ ಅಂಗಡಿಯವರು, ಹೋಟೆಲಿನವರು ಬಹಳ ಮಂದಿ ಇದ್ದಾರೆ. ಅವರ ಮಾತನ್ನೂ ಕೇಳಬಹುದು.

ಸ್ಟೂಲ್ ಮಾಡಿಸುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು, ಅಳತೆ ಬರೆದುಕೊಂಡು ಬಂದಿದ್ದೇನೆ. ಕೌಂಟರ್ ಮೂರು ಅಡಿ ಇದ್ದರೆ ಸ್ಟೂಲ್ ಎರಡು ಅಡಿಯಿಂದ ಎರಡೂಕಾಲು ಅಡಿ ಎತ್ತರ ಇರಬೇಕು, ಕಾಲಿಡಲು ಕೆಳಗೆ ಒಂದು ಅಡ್ಡಪಟ್ಟಿ, ಬೆನ್ನಿಗೆ ಗೇಣಗಲದ ಆಸರೆ. ಬಡಗಿ ಕಾಯಕದ ಇಬ್ಬರು ಅಣ್ಣಂದಿರು ಹಿಂದಿನ ಸಾಲಿನಲ್ಲೇ ಇದ್ದಾರೆ.